ದೇವರ ಗೂಡಿನಲ್ಲಿ ಒಂದು ಫ್ಲಾಪಿ

ನಮ್ಮ ಮನೆಯ ದೇವರ ಗೂಡಿನಲ್ಲಿ ಹಂಪಿ ವಿರೂಪಾಕ್ಷನ ಪಟ, ಹುಲಿಗೆಮ್ಮನ ಪಟ, ಅವ್ವನ ಕಾಲದ ಹಿತ್ತಾಳೆ ಗಂಟೆ, ಎರಡು ದೀಪ, ಮತ್ತು ಒಂದು ಫ್ಲಾಪಿ ಇತ್ತು. ನೀವು ಓದಿದ್ದು ಸರಿಯಾಗಿಯೇ ಇದೆ. ಈಗಿನ ಮಕ್ಕಳಿಗೆ ಫ್ಲಾಪಿ ಎಂದರೆ ಗೊತ್ತಾಗಲಿಕ್ಕಿಲ್ಲ. ಕಂಪ್ಯೂಟರಿನಲ್ಲಿ ಟೈಪ್ ಮಾಡಿದ್ದನ್ನು ತುಂಬಿಡುವ, ಅಂಗೈಯಗಲದ ತೆಳ್ಳನೆಯ ಕಪ್ಪು ಚೌಕ ಅದು. ನನ್ನ ಅಕ್ಕ ನೀಲಮ್ಮ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಇಟ್ಟಿದ್ದಳು. ಪ್ರತಿ ಶುಕ್ರವಾರ ಚೀಲದ ಮೇಲೆ ಒಂದು ಕುಂಕುಮದ ಬೊಟ್ಟು. ಆಯುಧಪೂಜೆಯ ದಿನ ಹೊಲಿಗೆ ಮಷೀನು, ಕತ್ತರಿ, ಫ್ಲಾಪಿ, ಮೂರಕ್ಕೂ ಒಂದೇ ಸಾಲಿನಲ್ಲಿ ಚೆಂಡುಹೂ. ಇಪ್ಪತ್ತೈದು ವರ್ಷ ಇದು ನಡೆಯಿತು. ಅಷ್ಟೂ ವರ್ಷ ನಾನು ಆ ಗೂಡಿಗೆ ಕೈ ಮುಗಿಯುವಾಗ ಕಣ್ಣು ಗಟ್ಟಿಯಾಗಿ ಮುಚ್ಚಿಕೊಳ್ಳುತ್ತಿದ್ದೆ. ಮನೆಯವರು ಭಕ್ತಿ ಎಂದುಕೊಂಡರು.

ಭಕ್ತಿಯಲ್ಲ, ಹೆದರಿಕೆ. ಆ ಫ್ಲಾಪಿಯೊಳಗಿನ ಫೈಲು ತೆರೆಯುವುದಿಲ್ಲ ಎಂಬುದು ಮನೆಯಲ್ಲಿ ನನಗೊಬ್ಬನಿಗೇ ಗೊತ್ತಿತ್ತು.

ಅಕ್ಕನ ಬಗ್ಗೆ ಹೇಳಿಬಿಡುತ್ತೇನೆ. ಅವಳು ಹೊಸಪೇಟೆಯ ಒಂದು ಸಂದಿಯಲ್ಲಿ ಜಂಪರ್, ಅಂದರೆ ರವಿಕೆ, ಹೊಲಿಯುತ್ತಿದ್ದಳು. ಮದುವೆ ಜವಳಿಗೆಂದು ಕಂಪ್ಲಿ, ಸಂಡೂರು, ದರೋಜಿ ಕಡೆಯಿಂದ ಬಂದ ಹೆಣ್ಣುಮಕ್ಕಳು ಜಂಪರ್ ಬಟ್ಟೆ ಅವಳ ಮುಂದೆ ಇಡುತ್ತಿದ್ದರು. ಅಕ್ಕ ಅಳತೆ ತೆಗೆದುಕೊಂಡು, ಟೇಪು ಕೊರಳಿಗೆ ಹಾಕಿಕೊಂಡು, ಕೊನೆಗೆ ಒಂದು ಪ್ರಶ್ನೆ ಕೇಳುತ್ತಿದ್ದಳು: "ಹುಡುಗನ ಹೆಸರೇನವ್ವಾ?"

ಯಾವ ಹುಡುಗಿ ಬಾಯಿ ಬಿಟ್ಟು ಹೇಳಿದ್ದಾಳೆ? ಸೆರಗು ಬಾಯಿಗೆ ಹೋಗುತ್ತಿತ್ತು, ಜೊತೆಗೆ ಬಂದ ಗೆಳತಿ ಹೇಳುತ್ತಿದ್ದಳು. ನಮ್ಮ ಕಡೆ ಹೆಂಡತಿ ಗಂಡನ ಹೆಸರನ್ನು ಬರಿದೇ ಹೇಳುವಂತಿಲ್ಲ. ಹೇಳಬೇಕಾದರೆ ಪ್ರಾಸದ ಸಾಲುಗಳ ಒಡಪು ಕಟ್ಟಿ, ಅದರೊಳಗೆ ಹೆಸರು ಇಟ್ಟು ಹೇಳಬೇಕು. ಮದುವೆಯಾಗಿ ಹೊಸ ಮನೆಗೆ ಬಂದ ಹುಡುಗಿಯನ್ನು ಹೊಸ್ತಿಲಲ್ಲೇ ಅಡ್ಡಗಟ್ಟಿ "ಹೆಸರು ಹೇಳಿದ್ರ ಒಳಗ" ಎಂದು ನಾದಿನಿಯರು ನಿಂತರೆ, ಒಡಪು ಬಾರದವಳ ಗತಿ ಕೇಳಬೇಡಿ. ಅದಕ್ಕೇ ಅಕ್ಕ ಮದುವೆ ಜಂಪರಿನ ಜೊತೆಗೆ ಒಂದು ಒಡಪು ಕಟ್ಟಿಕೊಡುತ್ತಿದ್ದಳು. ಜಂಪರು ಬಿಗಿಯಾದರೂ ಆದೀತು, ಒಡಪು ಮಾತ್ರ ಮೈಗೆ ಸರಿಯಾಗಿ ಕೂಡುತ್ತಿತ್ತು.

ಕಂಪ್ಲಿ ಗದ್ದಿ ಸೋನಾಮಸೂರಿ, ಅನ್ನ ಮಲ್ಲಿಗಿ ಹೂವು,
ಶರಣಪ್ಪನ ಹೆಸರು ಹೇಳ್ತೀನಿ, ನಗಬ್ಯಾಡ್ರಿ ನೀವು.

ಇಂಥವು. ಅಳತೆ ಬರೆದುಕೊಳ್ಳುವ ಉದ್ದನೆಯ ಪುಸ್ತಕದಲ್ಲೇ, ಅಳತೆಯ ಕೆಳಗೆ, ಹುಡುಗಿಯ ಹೆಸರು, ಊರು, ಒಡಪು ಬರೆದಿಡುತ್ತಿದ್ದಳು. ಶಾಯಿ ಹಿಂದಕ್ಕೆ ಇಳಿಯುತ್ತದೆಂದು ಒಂದೇ ಮಗ್ಗುಲು ಬರೆಯುತ್ತಿದ್ದಳು. ಈ ಒಂದೇ ಮಗ್ಗುಲಿನ ವಿಷಯ ನಿಮ್ಮ ಗಮನದಲ್ಲಿರಲಿ. ನನ್ನ ಪಾಪ ಅಲ್ಲಿಂದಲೇ ಹುಟ್ಟಿತು.

ಇನ್ನು ನಾನು. ಎಂಟನೇ ಕ್ಲಾಸಿನಲ್ಲಿ ಎರಡು ಸಲ ಕೂತು, ಎರಡು ಸಲವೂ ಎದ್ದು ಬಂದವನು. ನಮ್ಮಿಬ್ಬರಿಗೆ ಹತ್ತು ವರ್ಷದ ಅಂತರ. ಅವ್ವ, ಅಪ್ಪ ಬೇಗ ಹೋದರು, ನನ್ನನ್ನು ಸಾಕಿದವಳು ಅಕ್ಕ. "ಪಂಪ್ಯಾ, ತಲಿ ಓಡಂಗಿಲ್ಲ ಅಂದ್ರ ಬಳ್ಳಾದ್ರೂ ಓಡ್ಲಿ" ಎಂದು ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಸೇರಿಸಿದಳು. ಬೆರಳು ಓಡಿತು ನೋಡಿ! ಬಸ್ ಸ್ಟ್ಯಾಂಡಿನ ಹತ್ತಿರದ ಡಿಟಿಪಿ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡು, ಕೋರ್ಟಿನ ಅಫಿಡವಿಟ್ಟು. ಕಣ್ಣಿನಿಂದ ಹೊರಟ ಅಕ್ಷರ ಸೀದಾ ಬೆರಳಿಗೆ ಇಳಿಯುತ್ತಿತ್ತು, ನಡುವೆ ತಲೆ ಎಂಬ ನಿಲ್ದಾಣದಲ್ಲಿ ಬಸ್ಸು ನಿಲ್ಲುತ್ತಲೇ ಇರಲಿಲ್ಲ. ಒಮ್ಮೆ ನನ್ನದೇ ಗೆಳೆಯನ ಮದುವೆ ಕಾರ್ಡು ಟೈಪ್ ಮಾಡಿ, ಮದುವೆ ಮುಗಿದ ಮೇಲೆ "ನನಗ್ಯಾಕ ಹೇಳ್ಲಿಲ್ಲಲೇ" ಎಂದು ಜಗಳಕ್ಕೆ ಹೋಗಿದ್ದೆ. ಹಾಗಿದ್ದೆ ನಾನು.

ಆ ಕಾಲದ ಕನ್ನಡ ಸಾಫ್ಟ್‌ವೇರಿನ ಸಂಗತಿಯೇ ಬೇರೆ. ಕಂಪ್ಯೂಟರಿನ ಹಿಂಭಾಗಕ್ಕೆ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಲಾಕ್ ಸಿಕ್ಕಿಸಬೇಕು. ಅದಿಲ್ಲದಿದ್ದರೆ ಕನ್ನಡ ಏಳುವುದಿಲ್ಲ. ಎದ್ದದ್ದೂ ಖರೆ ಕನ್ನಡವಲ್ಲ, ಕನ್ನಡದ ವೇಷ ಹಾಕಿದ ಇಂಗ್ಲಿಷ್ ಅಕ್ಷರಗಳು. ಒಂದೊಂದು ಅಂಗಡಿಯದು ಒಂದೊಂದು ವೇಷದ ಪೆಟ್ಟಿಗೆ. ನಮ್ಮ ಅಂಗಡಿಯಲ್ಲಿ ಟೈಪ್ ಮಾಡಿದ್ದು ಎದುರಿನ ಅಂಗಡಿಯಲ್ಲಿ ತೆರೆಯುತ್ತಿರಲಿಲ್ಲ. ಈಗ ನನ್ನ ಮಗಳು ಫೋನಿನಲ್ಲಿ ಬರೆದದ್ದು ದುಬೈಗೂ ಹೋಗಿ ಕನ್ನಡವಾಗಿಯೇ ಇಳಿಯುತ್ತದೆ. ನಾವು ನಡುವಿನ ಒಂದು ರಸ್ತೆ ದಾಟಿಸಲಾರದೆ ಒದ್ದಾಡಿದವರು.

ಅಂಥ ಕಾಲದಲ್ಲಿ ಅಕ್ಕ ತನ್ನ ಅಳತೆ ಪುಸ್ತಕಗಳನ್ನು ನನ್ನ ಮುಂದಿಟ್ಟಳು. "ನಿನ್ ಕಂಪ್ಯೂಟರಿನಾಗ ಇವನ್ನ ಹಾಕಿಡಾಕ ಬರ್ತೈತೇನಪ್ಪಾ? ಹಾಳಿ ಹಣ್ಣಾಗ್ಯಾವು."

ಕೆಲಸವಿಲ್ಲದ ಮಧ್ಯಾಹ್ನಗಳಲ್ಲಿ ಕೂತು ಅಳತೆ ಬಿಟ್ಟು ಒಡಪನ್ನೆಲ್ಲ ಟೈಪ್ ಮಾಡಿದೆ. ಅಕ್ಕ ಒಳ್ಳೆಯವಕ್ಕಷ್ಟೇ ಗುರುತು ಹಾಕಿದ್ದಳು, ಅರವತ್ತನಾಲ್ಕು. ಫ್ಲಾಪಿಗೆ ತುಂಬಿ ಕೈಗೆ ಕೊಟ್ಟಾಗ ಅವಳು ಅದನ್ನು ತಿರುಗಿಸಿ ನೋಡಿದಳು, ಮೂಸಿ ನೋಡಿದಳು. "ಅಷ್ಟೂ ಇದರಾಗ ಹಿಡದಾವಾ?" ಎಂದಳು. ಅವತ್ತೇ ದೇವರ ಗೂಡಿಗೆ ಹೋಯಿತು.

ಪುಸ್ತಕಗಳು ಅಂಗಡಿಯಲ್ಲೇ ಉಳಿದವು, ಹಳೆಯ ಅಳತೆಗಳೆಂದು ಅಕ್ಕನೂ ವಾಪಸು ಕೇಳಲಿಲ್ಲ. ಆಮೇಲೆ ಮದುವೆ ಸೀಸನ್ ಬಂತು. ನಮ್ಮಲ್ಲಿ ಕಾರ್ಡಿನ ಕರಡನ್ನು ಗಿರಾಕಿಗೆ ತೋರಿಸಲು ಒಂದು ಮಗ್ಗುಲು ಖಾಲಿ ಇರುವ ಹಳೆಯ ಹಾಳೆಯ ಮೇಲೆ ಪ್ರಿಂಟ್ ತೆಗೆಯುವ ರೂಢಿ. ಒಂದು ದಿನ ಹಾಳೆ ಮುಗಿದವು. ಹೇಗೂ ಕಂಪ್ಯೂಟರಿನಲ್ಲಿದೆಯಲ್ಲ ಎಂದು ಅಕ್ಕನ ಪುಸ್ತಕದಿಂದ ಒಂದು ಹಾಳೆ ಕಿತ್ತೆ. ಆಮೇಲೆ ಎರಡು. ಸೀಸನ್ ಮುಗಿಯುವಷ್ಟರಲ್ಲಿ ಪುಸ್ತಕಗಳಲ್ಲಿ ಬರೀ ರಟ್ಟು ಉಳಿದಿದ್ದವು. ಯಾರದೋ ಲಗ್ನದ ಕರಡಿನ ಬೆನ್ನ ಮೇಲೆ ಕೂತು ಅಕ್ಕನ ಕೈಬರಹ ಊರೂರಿಗೆ ಹೋಯಿತು.

ಮುಂದೆ ಅಂಗಡಿಗೆ ಹೊಸ ಕಂಪ್ಯೂಟರು, ಹೊಸ ಸಾಫ್ಟ್‌ವೇರು ಬಂದವು. ಹಳೆಯದರಿಂದ ತಂದುಕೊಂಡ ಅಕ್ಕನ ಫೈಲಿನ ನಕಲು ಅದರಲ್ಲಿ ಹೇಗೆ ಕಾಣುತ್ತದೋ ನೋಡೋಣವೆಂದು ತೆರೆದೆ. ಕನ್ನಡ ಒಂದಕ್ಷರ ಇಲ್ಲ. ಇಂಗ್ಲಿಷ್ ಅಕ್ಷರಗಳ ತಲೆಯ ಮೇಲೆ ಟೊಪ್ಪಿಗೆ, ಚುಕ್ಕಿ, ಕೊಂಬು. ನಡುನಡುವೆ ಪೌಂಡಿನ ಗುರುತು, ತಲೆಕೆಳಗಾದ ಪ್ರಶ್ನೆ ಗುರುತು. ವೇಷದ ಪೆಟ್ಟಿಗೆ ಹಳೆಯ ಕಂಪ್ಯೂಟರಿನ ಜೊತೆ ಹೋಗಿತ್ತು. ಫೈಲು ಮುಚ್ಚಿ, ಎದ್ದು ಹೋಗಿ ನೀರು ಕುಡಿದೆ.

ಅಕ್ಕ ಆಗೀಗ ಕೇಳುತ್ತಿದ್ದಳು, "ಸುರಕ್ಷಿತ ಅದಾವಲ್ಲ?" ನಾನು "ಕಲ್ಲಿನಾಗ ಕೆತ್ತಿದಂಗ ಅದಾವಕ್ಕಾ" ಎನ್ನುತ್ತಿದ್ದೆ. ಯಾರನ್ನಾದರೂ ಕೇಳಿ ತೆರೆಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ಆದರೆ ಮುಚ್ಚಿದ ಫೈಲಿನಲ್ಲಿ ಒಂದು ಅನುಕೂಲವಿದೆ: ತೆರೆಯುವತನಕ ಒಳಗೆ ಎಲ್ಲ ಸರಿಯಿದೆ ಎಂದುಕೊಳ್ಳಬಹುದು. ಇಪ್ಪತ್ತೈದು ವರ್ಷ ಎಂದುಕೊಂಡೆ. ಡಿಟಿಪಿ ಬಿಟ್ಟು ಸ್ವಂತ ಜೆರಾಕ್ಸ್ ಅಂಗಡಿ ಇಟ್ಟೆ, ಮದುವೆಯಾದೆ, ಮಗಳು ಬೆಳೆದಳು. ಫ್ಲಾಪಿ ಕುಂಕುಮ ಇಟ್ಟುಕೊಂಡು ಕೂತೇ ಇತ್ತು.

ಈ ವರ್ಷ ಮಗಳು ರೂಪಾಳ ಮದುವೆ ಗೊತ್ತಾಯಿತು. ಬಂದವರಿಗೆ ತಾಂಬೂಲದ ಜೊತೆ ಏನು ಕೊಡುವುದು ಎಂಬ ಮಾತು ಬಂದಾಗ ಅಕ್ಕ ಎದ್ದು ಹೋಗಿ, ಗೂಡಿನಿಂದ ಫ್ಲಾಪಿ ತಂದು ನನ್ನ ತೊಡೆಯ ಮೇಲೆ ಇಟ್ಟಳು.

"ಸ್ಟೀಲ್ ಬಟ್ಟಲ ಎಲ್ಲರೂ ಕೊಡ್ತಾರ. ನನ್ ಒಡಪಿನ ಪುಸ್ತಕ ಅಚ್ಚ ಹಾಕ್ಸು. ನನ್ ಕೈಯಾಗ ಜಂಪರ್ ಹೊಲಿಸ್ಕಂಡೋರನ್ನೆಲ್ಲ ಕರೀರಿ. ಒಬ್ಬೊಬ್ಬರಿಗೂ ಒಂದೊಂದು."

"ಎಷ್ಟು ಚಲೋ ಐತಿ ಅತ್ತೀ!" ಎಂದು ಮಗಳು ಚಪ್ಪಾಳೆ ತಟ್ಟಿದಳು. ನನ್ನ ತೊಡೆಯ ಮೇಲೆ ಕಾದ ಹಂಚು ಇಟ್ಟಂತಾಗಿತ್ತು.

ಹೊಸಪೇಟೆಯ ಯಾವ ಅಂಗಡಿಯಲ್ಲೂ ಫ್ಲಾಪಿ ತೂರಿಸುವ ಕಂಪ್ಯೂಟರೇ ಇಲ್ಲ. ಒಂದು ಅಂಗಡಿಯ ಹುಡುಗಿ ಅದನ್ನು ಕೈಯಲ್ಲಿ ಹಿಡಿದು, "ಅಂಕಲ್, ಇದರ ಚಾರ್ಜರ್ ಎಲ್ಲೈತ್ರಿ?" ಎಂದಳು. ಕೊನೆಗೆ ನೆನಪಾದವನು ಖಾಜಾ. ಆ ಡಿಟಿಪಿ ಅಂಗಡಿಯಲ್ಲಿ ನನ್ನ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದ ಗೆಳೆಯ. ಅಂಗಡಿಯ ಹಳೆಯ ಕಂಪ್ಯೂಟರನ್ನು ಲಾಕಿನ ಸಮೇತ ತೆಗೆದುಕೊಂಡು ಹೋಗಿ ಕಂಪ್ಲಿಯಲ್ಲಿ ಅಂಗಡಿ ಇಟ್ಟಿದ್ದ. ಫೋನು ಮಾಡಿದೆ. "ಐತಿ, ಜೀವಂತ ಐತಿ. ರೈಸ್ ಮಿಲ್ಲಿನ ಮಂದಿ ಇನ್ನೂ ಚೀಲದ ಚೀಟಿ ಅದರಾಗ ಮಾಡಿಸ್ತಾರ. ಬಾ" ಎಂದ. ಮೊದಲ ಬಸ್ಸು ಹಿಡಿದೆ.

ಖಾಜಾ ಕಂಪ್ಯೂಟರಿನ ಮೇಲಿನ ಹಳೆಯ ಸೀರೆಯ ಮುಸುಕು ತೆಗೆದು, ಲಾಕ್ ಒತ್ತಿ, "ಬಿಸ್ಮಿಲ್ಲಾ" ಎಂದು ಫ್ಲಾಪಿ ತೂರಿಸಿದ. ಅದು ಒಳಗೆ ಕಡಲೆ ಹುರಿದ ಹಾಗೆ ಸದ್ದು ಮಾಡಿತು. ಆಮೇಲೆ ತೆರೆಯ ಮೇಲೆ ಸಾಲು ಸಾಲಾಗಿ ಕನ್ನಡ ಎದ್ದು ನಿಂತಿತು. ಕಂಪ್ಲಿ, ದರೋಜಿ, ಸಂಡೂರು, ಮರಿಯಮ್ಮನಹಳ್ಳಿ. ಹುಲಿಗೆಮ್ಮ, ಪಾರ್ವತಿ, ಗಂಗಮ್ಮ. ಒಂದಕ್ಷರ ಹೋಗಿರಲಿಲ್ಲ. ನಾನು ಖಾಜಾನ ಭುಜ ಹಿಡಿದುಕೊಂಡು ಅತ್ತುಬಿಟ್ಟೆ. ಖಾಜಾ ಓದತೊಡಗಿದ.

"ದರೋಜಿ ಗುಡ್ಡಕ್ಕ ಕರಡಿ ಬರ್ತಾವ ಸೀತಾಫಲ ತಿನ್ನಾಕ, ಮಂಜುನಾಥ ಬರ್ತಾರ ನಮ್ಮನಿಗೆ ನನ್ನ ಮಾರಿ ನೋಡಾಕ. ವ್ಹಾ!" ಇನ್ನೊಂದು ಓದಿದ. "ಸಂಡೂರ ಮಣ್ಣೂ ಕೆಂಪು, ಕುಂಕುಮಾನೂ ಕೆಂಪು, ಮಂಜುನಾಥನ ಕೂಡ ಬಾಳ್ವಿ, ಮನಿ ತುಂಬ ತಂಪು." ಮುಂದಿನದು. ಅದರ ಮುಂದಿನದು. ಅವನ ದನಿ ನಿಧಾನವಾಯಿತು. ನನ್ನ ಕಡೆ ತಿರುಗಿದ.

"ಅಲ್ಲೋ ಪಂಪಣ್ಣ, ಈ ಮಂಜುನಾಥ ಎಷ್ಟ್ ಮಂದೀನ್ನ ಮದುವಿ ಆಗ್ಯಾನ?"

ಅರವತ್ತನಾಲ್ಕು. ಮೂರು ತಾಲ್ಲೂಕಿನ ಅರವತ್ತನಾಲ್ಕು ಹೆಣ್ಣುಮಕ್ಕಳಿಗೆ ಒಬ್ಬನೇ ಗಂಡ. ಮೊದಲು ಕಂಪ್ಯೂಟರಿಗೆ ಹುಚ್ಚು ಹಿಡಿಯಿತೇನೋ ಎಂದುಕೊಂಡೆ. ಆಮೇಲೆ ನೆನಪು ಬಂತು.

ನಮ್ಮ ಕಸುಬಿನ ಒಂದು ಚಟ ಹೇಳುತ್ತೇನೆ. ಮದುವೆ ಕಾರ್ಡಿನಲ್ಲಿ ಹೆಸರನ್ನು ನಾವು ಕೊನೆಗೆ ಹಾಕುತ್ತೇವೆ. ಮನೆಯವರು ಕೊನೆಯ ಗಳಿಗೆಯವರೆಗೆ ತಂದೆಯ ಹೆಸರು ಮುಂದೆ, ಮನೆತನದ ಹೆಸರು ಹಿಂದೆ ಎಂದು ಬದಲಿಸುತ್ತಲೇ ಇರುತ್ತಾರೆ. ಅಲ್ಲಿಯವರೆಗೆ ಗಂಡಿನ ಜಾಗದಲ್ಲಿ ಮಂಜುನಾಥ, ಹೆಣ್ಣಿನ ಜಾಗದಲ್ಲಿ ಮಂಜುಳಾ ಇರುತ್ತಾರೆ. ಬೆರಳಿಗೆ ಅಷ್ಟು ರೂಢಿಯಾದ ಹೆಸರು, ನೋಡದೆ ಬೀಳುತ್ತದೆ. ಅಕ್ಕನ ಒಡಪುಗಳಿಗೂ ಹಾಗೇ ಮಾಡಿದ್ದೆ. ಗಂಡಂದಿರನ್ನೆಲ್ಲ ಒಂದೇ ಸಲ ಕೊನೆಗೆ ತುಂಬಿದರಾಯಿತು ಎಂದು. ಸೀಸನ್ ಬಂತು, ಮರೆತೆ. ಖರೆ ಹೆಸರುಗಳಿದ್ದ ಹಾಳೆಗಳನ್ನು ನಾನೇ ಹರಿದು ಹಂಚಿದೆ.

ಇಪ್ಪತ್ತೈದು ವರ್ಷ ನಾನು ಮನಸ್ಸಿನಲ್ಲೇ ಸಾಫ್ಟ್‌ವೇರಿಗೆ ಬೈದಿದ್ದೆ. ಒಂದರದ್ದು ಒಂದರಲ್ಲಿ ತೆರೆಯದಂತೆ ಮಾಡಿದವರಿಗೆ ಶಾಪ ಹಾಕಿದ್ದೆ. ಆದರೆ ಯಂತ್ರ ನಾನು ಕೊಟ್ಟಿದ್ದನ್ನು ಚುಕ್ಕಿ ಬಿಡದೆ ಕಾಪಾಡಿ ವಾಪಸು ಕೊಟ್ಟಿತ್ತು. ನಾನೇ ಅದಕ್ಕೆ ಸುಳ್ಳು ಕೊಟ್ಟಿದ್ದೆ.

"ಈಗೇನ್ ಮಾಡ್ತಿ?" ಎಂದ ಖಾಜಾ, ಪ್ರಿಂಟ್ ತೆಗೆಯುತ್ತ. "ಅಕ್ಕಾಗ ಹೇಳ್ತೀಯಾ?"

"ಹೆಂಗ ಹೇಳ್ಲೋ?"

"ಹಂಗಾರ ಒಂದ್ ಕೆಲಸ ಮಾಡು. ಹೆಣ್ಮಕ್ಕಳ ಹೆಸರು, ಊರು ಐತಲ್ಲ. ಗಂಡನ ಹೆಸರು ಅವರಿಗೆ ಗೊತ್ತಿರಂಗಿಲ್ಲೇನು?"

ಎಂಥ ಮಾತು! ಹೇಗೂ ಲಗ್ನಪತ್ರಿಕೆ ಕೊಡಲು ಹೋಗಬೇಕಿತ್ತು. ಒಂದು ಕೈಯಲ್ಲಿ ಮಗಳ ಕಾರ್ಡು, ಇನ್ನೊಂದರಲ್ಲಿ ಖಾಜಾ ಕೊಟ್ಟ ಪ್ರಿಂಟು ಹಿಡಿದು ಬಾಗಿಲು ಬಾಗಿಲು ತಿರುಗಿದೆ. ದರೋಜಿಯ ಹುಲಿಗೆಮ್ಮನಿಗೆ ಈಗ ಮೊಮ್ಮಕ್ಕಳು. "ನೀಲಕ್ಕನ ತಮ್ಮ ಅದೀರಾ? ಕುಂದ್ರಿ, ಕುಂದ್ರಿ" ಎಂದು ಚಹಾ ಇಟ್ಟಳು. ಒಡಪು ಕೇಳಿದೆ. ಸೆರಗು ಹೊದ್ದು, ಕಟ್ಟೆಯ ಮೇಲೆ ಪೇಪರು ಹಿಡಿದು ಕೂತಿದ್ದ ಗಂಡನ ಕಡೆ ಓರೆಗಣ್ಣು ಹಾಕಿ, ಕರಡಿ, ಸೀತಾಫಲ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಕೊನೆಗೆ "ದೊಡ್ಡಬಸಪ್ಪ ಬರ್ತಾರ ನಮ್ಮನಿಗೆ ನನ್ನ ಮಾರಿ ನೋಡಾಕ" ಎಂದಳು. ದೊಡ್ಡಬಸಪ್ಪ ಪೇಪರಿನ ಹಿಂದಿನಿಂದ, "ಈಗ ಟಿವಿ ನೋಡ್ತೀನಿ" ಎಂದ.

ಒಬ್ಬಳೂ ಮರೆತಿರಲಿಲ್ಲ! ಹೊಸ್ತಿಲಲ್ಲಿ ಒಂದೇ ಒಂದು ಸಲ ಹೇಳಿದ್ದು, ಅಕ್ಷರ ಬಿಡದೆ ನೆನಪಿತ್ತು. ತೀರಿಕೊಂಡ ಮೂವರದನ್ನು ಅವರ ಹೆಣ್ಣುಮಕ್ಕಳು ಹೇಳಿದರು. ಒಬ್ಬಳು ಇನ್ನೊಬ್ಬಳ ಮನೆ ತೋರಿಸಿದಳು, ದೂರದವರು ಫೋನಿನಲ್ಲಿ ಪಿಸುಗುಟ್ಟಿದರು. ಮರಿಯಮ್ಮನಹಳ್ಳಿಯ ಗಂಗಮ್ಮ ಮಾತ್ರ ಪ್ರಿಂಟನ್ನು ಬಹಳ ಹೊತ್ತು ನೋಡಿದಳು. ಅವಳ ಗಂಡ ಲಾರಿ ಹತ್ತಿ ಹೋದವನು ಎಂಟು ವರ್ಷದಿಂದ ಇನ್ನೊಂದು ಊರಿನಲ್ಲಿ ಇನ್ನೊಂದು ಸಂಸಾರದಲ್ಲಿದ್ದ.

"ಮಂಜುನಾಥನೇ ಇರ್ಲಿ ಬಿಡ್ರಿ" ಎಂದಳು. "ಆ ಭಾಡ್ಯಾಗಿಂತ ಇಂವನೇ ಪಾಡ."

ಹೀಗೆ ಅರವತ್ತಮೂರು ಮುಗಿದವು. ಕೊನೆಯದೊಂದು ಉಳಿಯಿತು. ಅದರ ಮೇಲೆ ಹೆಣ್ಣಿನ ಹೆಸರೂ ಇರಲಿಲ್ಲ, ಊರೂ ಇರಲಿಲ್ಲ. ಇದನ್ನೂ ನಾನೇ ಬಿಟ್ಟಿರಬೇಕು ಎಂದುಕೊಂಡು, ಸಂಡೂರಿನಿಂದ ಬರುವ ಬಸ್ಸಿನಲ್ಲಿ ಕೂತು, ಯಾರದಿರಬಹುದು ಎಂದು ಓದಿದೆ. ನನ್ನ ಜೀವಮಾನದಲ್ಲಿ ನಾನೇ ಟೈಪ್ ಮಾಡಿದ್ದನ್ನು ಮೊದಲ ಸಲ ಓದಿದ್ದು ಅವತ್ತು.

ಅಂಗಳದಾಗ ಅವರಿ ಬಳ್ಳಿ, ಬಳ್ಳಿಗೊಂದು ಆಸರ,
ತಮ್ಮನ ಕೈ ಬಿಡಲಾರೆ, ಹಿಡಕೊಂಡೇ ಬರ್ತೀನಿ,
ಒಪ್ಪಿದ್ರ ಹೇಳ್ತೀನಿ ಮಂಜುನಾಥನ ಹೆಸರ.

ಬಸ್ಸು ಘಾಟಿ ಇಳಿಯುತ್ತಿತ್ತು. ಅಳತೆ ಪುಸ್ತಕದಲ್ಲಿ ಟೇಲರು ತನ್ನ ಹೆಸರು ತಾನೇಕೆ ಬರೆದುಕೊಳ್ಳುತ್ತಾಳೆ?

ನನಗೆ ಹನ್ನೆರಡು ವರ್ಷವಿದ್ದಾಗ ಅಕ್ಕನನ್ನು ನೋಡಲು ಬಂದಿದ್ದರು. ನಾನು ಅವರ ತಟ್ಟೆಯ ಮೈಸೂರುಪಾಕಿನ ಮೇಲೆ ಕಣ್ಣಿಟ್ಟು ಕಂಬಕ್ಕೆ ಆತು ನಿಂತಿದ್ದೆ. ಹುಡುಗನ ತಾಯಿ ನನ್ನನ್ನು ಹತ್ತಿರ ಕರೆದು, ತಲೆ ಸವರಿ, "ಅಕ್ಕ ಹೋದ್ರ ನೀ ಎಲ್ಲಿರ್ತೀಪ್ಪಾ?" ಎಂದು ಕೇಳಿದಳು. ಪ್ರೀತಿಯಿಂದ ಕೇಳುತ್ತಿದ್ದಾಳೆಂದುಕೊಂಡು, ಮೈಸೂರುಪಾಕು ಬಾಯಿಗೆ ಹಾಕಿಕೊಂಡು ಹೇಳಿದ್ದೆ: "ಅಕ್ಕನ ಕೂಡ ಬರ್ತೀನಿ." ಆಮೇಲೆ ಜಾತಕ ಕೂಡಲಿಲ್ಲ ಎಂದು ಗೊತ್ತಾಯಿತು. ಅಕ್ಕ ಮದುವೆಯಾಗಲೇ ಇಲ್ಲ. ಜಾತಕದ ಮಾತನ್ನು ನಾನು ಐವತ್ತರ ಹತ್ತಿರ ಬಂದರೂ ನಂಬಿಕೊಂಡಿದ್ದೆ.

ಒಂದು ವಾರ ಅಕ್ಕನ ಎದುರು ಕೂರಲಾಗಲಿಲ್ಲ. ಪ್ರೆಸ್ಸಿನವರು ಫೈಲು ಕೇಳತೊಡಗಿದ ಮೇಲೆ, ಒಂದು ಮುಂಜಾನೆ ಅವಳು ರೂಪಾಳ ಮದುವೆ ಜಂಪರಿಗೆ ಹುಕ್ಕು ಹಚ್ಚುತ್ತಿದ್ದಾಗ ಹೋಗಿ ಕೂತು ಎಲ್ಲ ಹೇಳಿದೆ. ತೆರೆಯದ ಫೈಲು, ಹರಿದ ಪುಸ್ತಕ, ಮಂಜುನಾಥ, ಊರೂರು ತಿರುಗಿದ್ದು.

"ಅಳತಿ ಪುಸ್ತಕಾನೂ ಹರದ್ಯಾ?" ಎಂದಳು.

"ಹೂಂ ಅಕ್ಕಾ."

"ಎಲ್ಲಾನೂ?"

"ಎಲ್ಲಾನೂ."

ಸೂಜಿ ಮುಂದುವರಿಯಿತು. ನಾನು ಕೊನೆಯ ಒಡಪನ್ನು ಓದಿದೆ. ಸೂಜಿ ನಿಂತಿತು.

"ಇದನ್ನ ಯಾವಾಗ ಓದಿದಿ?"

"ಹೋದ ವಾರ."

"ಹೋದ ವಾರಾ?" ಅಕ್ಕ ಕನ್ನಡಕ ತೆಗೆದು ನನ್ನ ಮುಖ ನೋಡಿದಳು. ಅಷ್ಟು ದಿಗಿಲುಬಿದ್ದ ಅಕ್ಕನನ್ನು ನಾನು ನೋಡಿರಲಿಲ್ಲ. "ಟೈಪ್ ಮಾಡಿದಾಗ ಓದಿದ್ದಿಲ್ಲೇನು?"

"ಟೈಪ್ ಮಾಡೋರು ಓದಂಗಿಲ್ಲಕ್ಕಾ."

"ನೀ ಓದಿರ್ತಿ ಅಂತ ತಿಳಕಂಡಿದ್ದೆ" ಎಂದಳು. "ಬಾಯಾಗ ಹೇಳಾಕ ಆಗಿದ್ದಿಲ್ಲ, ಅದಕ್ಕ ನಿನಗ ಟೈಪ್ ಮಾಡಾಕ ಕೊಟ್ಟಿದ್ದು. ತಮ್ಮ ಓದ್ಯಾನ, ಹೆಂಗ ಕೇಳ್ಬೇಕಂತ ತಿಳೀದ ಸುಮ್ನದಾನ. ಇವತ್ತ ಕೇಳ್ತಾನ, ನಾಳಿ ಕೇಳ್ತಾನ ಅಂತ ಇಷ್ಟ್ ವರ್ಷ..." ಮಾತು ಅಲ್ಲಿಗೇ ಬಿಟ್ಟು ಕನ್ನಡಕವನ್ನು ಸೆರಗಿನಿಂದ ಒರೆಸಿದಳು.

ನಾನು ಕಿಸೆಯಿಂದ ಪೆನ್ನು ತೆಗೆದೆ. "ಅವರ ಹೆಸರೇನಕ್ಕಾ? ತುಂಬ್ತೀನಿ."

"ಒಡಪಿನಾಗ ಏನ್ ಬರದೀನಿ? ಒಪ್ಪಿದ್ರ ಹೇಳ್ತೀನಿ ಅಂತ ಬರದೀನಿ." ದಾರವನ್ನು ಹಲ್ಲಿನಿಂದ ಕಡಿದಳು. "ಅವರು ಒಪ್ಪಲಿಲ್ಲ. ಹೇಳಂಗಿಲ್ಲ."

"ಮತ್ತ ತೆಗೀಲಾ ಅದನ್ನ?"

"ಯಾಕ ತೆಗೀತಿ? ನಾ ಕಟ್ಟಿದ್ದಲ್ಲೇನು ಅದು? ಇರ್ಲಿ. ಹೆಸರಿನ ಜಾಗ ಖಾಲಿ ಬಿಡು."

ಮಗಳ ಲ್ಯಾಪ್‌ಟಾಪಿನಲ್ಲಿ ಕೂತು ಅರವತ್ತನಾಲ್ಕನ್ನೂ ಮತ್ತೆ ಮೊದಲಿಂದ ಟೈಪ್ ಮಾಡಿದೆ. ಒಂದೊಂದು ಸಾಲು ಟೈಪ್ ಮಾಡುವ ಮೊದಲು ಬಾಯಿ ಬಿಟ್ಟು ಓದಿದೆ. ಮಂಜುನಾಥ ಗಂಗಮ್ಮನ ಹತ್ತಿರ ಮಾತ್ರ ಉಳಿದ. ಫೈಲು ಪ್ರೆಸ್ಸಿಗೆ ಹೋದ ಮರುದಿನ ಅಲ್ಲಿಯವನು ಫೋನು ಮಾಡಿದ.

"ಪಂಪಣ್ಣ, ಕೊನೇ ಒಡಪಿನಾಗ ಗಂಡನ ಹೆಸರು ಬಿಟ್ಟೈತಿ. ನಾನೇ ಏನಾರ ಒಂದು ಹಾಕ್ಲಾ?"

"ಏನೂ ಹಾಕಬ್ಯಾಡ."

"ಓದಿ ಕಳಸೀ ಹೌದಿಲ್ಲೋ?"

"ಓದೇ ಕಳಸೀನಪ್ಪಾ" ಎಂದೆ.